ಗೋಡೆಯಲ್ಲಿ ಉಳಿದ ಕಾವು

ಕಟ್ಟೆಮಳಲವಾಡಿಯ ಸಣ್ಣಬೀರಯ್ಯ ಧಣಿಯ ಹೊಗೆಸೊಪ್ಪು ಒಣಗಿಸುವ ಮನೆಗೆ, ಅಂದರೆ ಬ್ಯಾರನ್ನಿಗೆ, ಒಲೆ ಉರಿಸುವವನು. ಒಳಗೆ ಕಡ್ಡಿಗೆ ಕಟ್ಟಿದ ಸೊಪ್ಪು, ಹೊರಗೆ ಒಲೆ. ಒಲೆಯ ಬಿಸಿ ತಗಡಿನ ಕೊಳವೆಯಲ್ಲಿ ಹಾದು ಸೊಪ್ಪನ್ನು ಹದಕ್ಕೆ ತರಬೇಕು. ಸಾವಿರದ ಒಂಬೈನೂರ ಎಪ್ಪತ್ತೆಂಟರ ಹಂಗಾಮಿನಲ್ಲಿ ಅವನು ಜ್ವರ ಬಂದು ಮಲಗಿದ. ಒಲೆಯ ಮುಂದೆ ಹೆಂಡತಿ ಚಿಕ್ಕಬೀರಮ್ಮ ಕೂತಳು. ಬ್ಯಾರನ್ನು ಹೊತ್ತಿಕೊಂಡಿತು. ಧಣಿಯ ಸೊಪ್ಪು ಉಳಿಸಲು ಒಳಗೆ ನುಗ್ಗಿದವಳು ಹೊರಗೆ ಬರಲಿಲ್ಲ.

ಸತ್ತವರ ಮೇಲೆ ಗೂಬೆ ಕೂರಿಸುವುದು ಸುಲಭ. "ನಿದ್ದೆಗಣ್ಣಲ್ಲಿ ಸೌದೆ ತುರುಕವ್ಳೆ, ಒಲೆ ಬಾಯಿಂದ್ಲೇ ಹತ್ಕಂಡದೆ," ಎಂದ ಧಣಿ ಪುಟ್ಟಸ್ವಾಮಿ. ಊರು ತಲೆಯಾಡಿಸಿತು, ತಲೆಯಾಡಿಸಲು ಊರಿಗೇನು ಖರ್ಚೆ? ಸಣ್ಣಬೀರಯ್ಯನ ಹೆಂಡತಿಯಂತೂ ಹೋದಳು, ಅವಳ ಮೇಲಿನ ಈ ಮಾತಾದರೂ ಹೋಗಬೇಕಿತ್ತು.

ಮೂರನೆಯ ದಿನ ಅವನ ತಂಗಿಯ ಮಗ ನಂಜುಂಡಸ್ವಾಮಿ ಬಂದ. ಮೈಸೂರಿನ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು.

"ಬ್ಯಾರನ್ ಗ್ವಾಡೆ ಇನ್ನೂ ಬೆಚ್ಚಗದೆ ಕಣಪ್ಪ," ಎಂದ ಸಣ್ಣಬೀರಯ್ಯ.

ಸಾವಿನ ಮನೆಯಲ್ಲಿ ಏನಾಡಬೇಕೆಂದು ತೋಚದವರು ತಮಗೆ ಗೊತ್ತಿದ್ದನ್ನೇ ಆಡುತ್ತಾರೆ. "ಆಕಾಶನೂ ಅಂಗೇ ಮಾವ. ಲೋಕ ಹುಟ್ದಾಗಿನ ಬೆಂಕಿ ಆರೋಗಿದ್ರೂ ಅದರ ಕಾವು ಇವತ್ತೂ ಎಲ್ಲಾ ಕಡೆ ಒಂದೇ ಸಮ ಅದೆ, ಯಂತ್ರಕ್ಕೆ ಮಾತ್ರ ತಿಳೀತದೆ. ಆರೋವಾಗ ಆಕಾಶ ದಾರದಂಗೆ ಬಿರುಕು ಬಿಟ್ಟಿರ್ಬೋದು ಅಂತ ಈಗ ಕೆಲವ್ರು ಹೇಳ್ತಾವ್ರೆ. ಬಿಟ್ಟಿದ್ರೆ ಅಲ್ಲಿ ಕಾವು ಚೂರು ಏರುಪೇರಾಗಿರ್ಬೇಕು. ಇನ್ನೂ ಯಾರೂ ಕಂಡಿಲ್ಲ."

"ಅಂದ್ರೆ, ಬಿರುಕು ಎಲ್ಲಿತ್ತು ಅಂತ ಕಾವೇ ಹೇಳ್ತದಾ?"

"ಹೇಳ್ಬೇಕು ಮಾವ."

ಸಣ್ಣಬೀರಯ್ಯ ಎದ್ದ. ಧಣಿಯನ್ನು ಮನೆಯಿಂದ ಕರೆದುಕೊಂಡೇ ಬ್ಯಾರನ್ನಿಗೆ ನಡೆದ. ನಂಜುಂಡಸ್ವಾಮಿಯೂ ದಾರಿಯಲ್ಲಿ ಸಿಕ್ಕವರೂ ಹಿಂದೆ ಬಂದರು. ಒಲೆಯ ಬದಿಯ ಗೋಡೆಗೆ ಧಣಿಯ ಅಂಗೈಯನ್ನು ಒತ್ತಿ ಹಿಡಿದ. ತಣ್ಣಗಿತ್ತು.

"ನೋಡಿ ಬುದ್ಧಿ. ಒಲೆ ಬಾಯಲ್ಲಿ ಹತ್ತಿದ್ರೆ ಇಲ್ಲೇ ಬಿಸಿ ಉಳೀಬೇಕಿತ್ತು."

ಗೋಡೆಯನ್ನು ಸವರುತ್ತ ಸುತ್ತಿದ. ಹಿಂದಿನ ಮೂಲೆಯಲ್ಲಿ ಅವನ ಕೈ ನಿಂತಿತು. ಗೋಡೆ ಅಲ್ಲಿ ಈಗ ತಾನೇ ಯಾರೋ ಮಲಗಿ ಎದ್ದ ಹಾಸಿಗೆಯ ಹಾಗೆ ಬೆಚ್ಚಗಿತ್ತು. ಕುಸಿದ ಬಾಗಿಲಿನಿಂದ ಒಳಗೆ ಹೋಗಿ ನೋಡಿದರೆ, ಅದೇ ಮೂಲೆಯಲ್ಲಿ ಕೊಳವೆ ಬಾಯಿಬಿಟ್ಟಿತ್ತು.

"ಕೊಳವೆ ಬಿರುಕಿಂದ ಕಿಡಿ ಹಾರಿ ಸೊಪ್ಪಿಗೆ ಹತ್ಕಂಡದೆ. ಅತ್ತೆ ತಪ್ಪಲ್ಲ ಮಾವ," ಎಂದ ನಂಜುಂಡಸ್ವಾಮಿ. ಪುಟ್ಟಸ್ವಾಮಿ ಮುಖ ತಿರುಗಿಸಿಕೊಂಡ.

ಸಣ್ಣಬೀರಯ್ಯನಿಗೆ ಬೇಕಿದ್ದ ಮಾತು ಅದೇ. ಆದರೆ ಅವನು ಬಗ್ಗಿ, ಕೊಳವೆಯಿಂದ ಕಳಚಿ ಬಿದ್ದಿದ್ದ ಮಣ್ಣಿನ ಹೆಂಟೆಯೊಂದನ್ನು ಎತ್ತಿಕೊಂಡ. ಹಂಗಾಮಿಗೆ ಮೊದಲು ಹೊಸ ತಗಡು ಕೇಳುವ ಬದಲು, "ಮೆತ್ತಿದ್ರೆ ಸಾಕು ಬುಡು" ಎಂದು ಆ ಬಿರುಕಿಗೆ ಮಣ್ಣು ಮೆತ್ತಿದವನು ಅವನೇ. ಮಣ್ಣು ಕಲಸಿಕೊಟ್ಟ ಚಿಕ್ಕಬೀರಮ್ಮ, "ತಡೀತದಾ?" ಎಂದು ಕೇಳಿದ್ದಳು. ಬೆಂಕಿಯಲ್ಲಿ ಸುಟ್ಟು ಇಟ್ಟಿಗೆಯಂತಾದ ಹೆಂಟೆಯ ಮೇಲೆ ಬೆರಳುಗಳ ಗುರುತು ಹಾಗೇ ನಿಂತಿತ್ತು. ಅವನು ತನ್ನ ಬೆರಳುಗಳನ್ನು ಅದರಲ್ಲಿಟ್ಟ. ಸರಿಯಾಗಿ ಕೂತವು.

"ಅವಳ್ದಲ್ಲ ಕಣ್ರಪ್ಪ," ಎಂದ ಎಲ್ಲರಿಗೂ ಕೇಳುವ ಹಾಗೆ. "ನಂದು."