ಆರೋಗ್ಯವಂತನ ರಕ್ತ

ಮೊದಲು ನನ್ನ ರಕ್ತವನ್ನೇ ಕೊಡುತ್ತೇನೆಂದೆ. ಪವಿತ್ರ ಬೇಡ ಅಂದುಬಿಟ್ಟಳು.

"ನಿಮ್ದು ಶುಗರ್ ರಕ್ತ ಮಾವ. ನಂಗೆ ಆರೋಗ್ಯವಾಗಿರೋರ್ದು ಬೇಕು."

ಪವಿತ್ರ ನನ್ನ ಅಕ್ಕನ ಮಗಳು. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಅವಳ ಕೆಲಸ ಅಂಚೆಚೀಟಿಯಷ್ಟಗಲದ ಒಂದು ಗಾಜಿನ ಚಿಪ್ ಮೇಲೆ. ಅದರ ತುಂಬ ಕಣ್ಣಿಗೆ ಕಾಣದ ಕಾರ್ಬನ್ ನ್ಯಾನೋ ಕೊಳವೆಗಳು. ಕರೆಂಟ್ ಕೊಟ್ಟರೆ ಅಲ್ಲೊಂದು ವಿದ್ಯುತ್ ಕ್ಷೇತ್ರ ಹುಟ್ಟುತ್ತದೆ. ಒಂದು ಹನಿ ರಕ್ತ ಬಿಟ್ಟರೆ ಒಳ್ಳೆಯ ಜೀವಕೋಶಗಳು ಮುಂದಕ್ಕೆ ಹೋಗುತ್ತವೆ, ಕ್ಯಾನ್ಸರ್ ಕೋಶಗಳು ಪಕ್ಕಕ್ಕೆ ಸರಿದು ಅಂಟಿಕೊಳ್ಳುತ್ತವೆ. (ಮೂರು ಸಲ ಕೇಳಿದ ಮೇಲೆ ನನಗೆ ಅರ್ಥವಾದದ್ದು ಇಷ್ಟು.)

ಚಿಪ್ ಸರಿಯಾಗಿದೆಯೇ ಎಂದು ನೋಡಲು ಮೊದಲು ಆರೋಗ್ಯವಂತರ ರಕ್ತ ಬೇಕಂತೆ. ಹಾಗಾದರೆ ನಮ್ಮಲ್ಲಿ ಆರೋಗ್ಯವಂತ ಯಾರು? ಎಲ್ಲರ ಕಣ್ಣೂ ಅವಳಪ್ಪನ ಮೇಲೆ, ಅಂದರೆ ನನ್ನ ಭಾವನ ಮೇಲೆ. ದೊಡ್ಡಬಳ್ಳಾಪುರದಲ್ಲಿ ಮೂವತ್ತು ವರ್ಷದಿಂದ ಪವರ್‌ಲೂಮ್ ಓಡಿಸುತ್ತಿರುವ ನೇಕಾರ. ಆಸ್ಪತ್ರೆ ಮೆಟ್ಟಿಲು ಹತ್ತಿದವರಲ್ಲ. ಗುಂಡುಕಲ್ಲು! "ತಗೋಳಮ್ಮ, ಎಷ್ಟ್ ಬೇಕೋ ತಗೋ" ಎಂದು ಅಂಗಿ ತೋಳು ಮಡಚಿದರು.

ಮುಂದಿನ ವಾರ ಊರಿಗೆ ಬಂದ ಪವಿತ್ರಳ ಮುಖ ಬಾಡಿತ್ತು. ಅಪ್ಪನ ರಕ್ತದ ಕೋಶಗಳು ಪಕ್ಕಕ್ಕೆ ಅಂಟುತ್ತಿವೆಯಂತೆ. ಎರಡು ಸಲ ಮಾಡಿದರೂ ಅದೇ.

"ಚಿಪ್ಪೇ ಕೆಟ್ಟೋಗಿದೆ" ಅಂದಳು.

ಭಾವ ನಕ್ಕರು. "ಸೀರೇಲಿ ತಪ್ಪು ಬಂದ್ರೆ ಎಳೆಗೆ ಬಯ್ಬಾರ್ದು ಕಣಮ್ಮ. ಮೊದ್ಲು ಮಗ್ಗ ಸರಿಮಾಡು."

ನೇಕಾರರ ಮನೆಗಳಲ್ಲಿ ನಾವೆಲ್ಲ ಈ ಮಾತು ಕೇಳಿಕೊಂಡೇ ಬೆಳೆದವರು. ನಾನೂ ತಲೆಯಾಡಿಸಿದೆ. ದೊಡ್ಡ ಮನುಷ್ಯ ನಾನು!

ಅವಳು ಮಗ್ಗ ಸರಿಮಾಡಿದಳು. ವೋಲ್ಟೇಜ್ ತಗ್ಗಿಸಿದಳು, ಇನ್ನೇನೇನೋ ಬದಲಾಯಿಸಿದಳು. ಅಪ್ಪನ ರಕ್ತ 'ನಾರ್ಮಲ್' ಎಂದು ತೋರಿಸುವ ತನಕ ಬಿಡಲಿಲ್ಲ. ಆ ದಿನ ಮನೆಗೆ ಮೈಸೂರುಪಾಕ್ ತಂದಿದ್ದಳು. ನಾನೂ ಎರಡು ತಿಂದೆ.

ಆರು ತಿಂಗಳಾದ ಮೇಲೆ ಭಾವ ಮಗ್ಗದ ಪಕ್ಕದಲ್ಲೇ ಕುಸಿದರು. ರಕ್ತದ ಕ್ಯಾನ್ಸರ್.

"ಮುಂಚೇನೇ ಯಾಕೆ ತೋರಿಸ್ಲಿಲ್ಲ?" ಎಂದು ಡಾಕ್ಟರು ಗದರಿದರು. ತೋರಿಸಿದ್ದೆವು ಸ್ವಾಮಿ. ಚಿಪ್ ತೋರಿಸಿದ್ದನ್ನು ನಂಬಲಿಲ್ಲ, ಅಷ್ಟೇ.

ಚಿಪ್ ಇನ್ನೂ ಪ್ರಯೋಗದ ಹಂತದ್ದು, ನಿಜ. ಆದರೆ ಒಂದು ಸಾದಾ ರಕ್ತಪರೀಕ್ಷೆ ಮಾಡಿಸೋಣ ಎನ್ನಲು ನಮ್ಮಲ್ಲಿ ಒಬ್ಬರಿಗಾದರೂ ಬಾಯಿ ಬರಬೇಡವೇ? ನಾವೆಲ್ಲ ಹೀಗೇ. ಮನೆಯಲ್ಲಿ ಬಿಪಿ ಜಾಸ್ತಿ ತೋರಿಸಿದರೆ ಮೆಷಿನ್ನಿನ ಬ್ಯಾಟರಿ ಬದಲಾಯಿಸುತ್ತೇವೆ. ಗಟ್ಟಿಮುಟ್ಟಾದವರ ವಿಷಯದಲ್ಲಂತೂ ಕೇಳಲೇಬೇಡಿ.

ಪವಿತ್ರ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬಿಕ್ಕಿದಳು. "ಅಪ್ಪಂಗೆ ಹೇಳ್ಬಿಡ್ಲಾ ಮಾವ? ಚಿಪ್ ಸರಿಯಾಗೇ ಇತ್ತು ಅಂತ?"

"ಬೇಡ ಕಣೇ. ತಡ್ಕೊಳಲ್ಲ ಅವ್ರು" ಎಂದೆ. ತಡೆದುಕೊಳ್ಳಲಾರದವನು ನಾನೇ. ಹೆದರಿಕೆ ನನ್ನದು.

ಮೊನ್ನೆ ಭಾವನೇ ಕೇಳಿದರು. ದನಿ ಅರ್ಧಕ್ಕೆ ಇಳಿದಿದೆ. "ನಿನ್ ಮಷೀನು ಈಗ ಚೆನ್ನಾಗ್ ಓಡ್ತಾ ಇದೆಯೇನಮ್ಮ?"

"ಹೂಂ ಅಪ್ಪ" ಎಂದು ಅವಳು ಹೊರಗೆ ಹೋದಳು. ನನಗೆ ಎರಡು ದಿನ ಅನ್ನ ಸೇರಲಿಲ್ಲ, ಅದಕ್ಕೇ ಇದನ್ನೆಲ್ಲ ಪತ್ರಿಕೆಯ ನನ್ನ ವಾರದ ಅಂಕಣದಲ್ಲಿ ಬರೆಯುತ್ತಿದ್ದೇನೆ.

ಭಾವ ಈ ಅಂಕಣವನ್ನು ಒಂದು ವಾರವೂ ಬಿಟ್ಟವರಲ್ಲ. ಈಗ ಅವರಿಗೆ ಓದಲು ತ್ರಾಣವಿಲ್ಲ. ಮಂಚದ ಪಕ್ಕ ಕೂತು ಗಟ್ಟಿಯಾಗಿ ಓದಿ ಹೇಳುವವಳು ಪವಿತ್ರ.

ಈ ವಾರ ಅವಳು ಏನು ಓದುತ್ತಾಳೆ?