ಚಿತ್ರದಲ್ಲಿ ನನ್ನ ಕುರ್ಚಿ

ನನ್ನನ್ನು ಒಂದು ಕಲಾಕೃತಿಯಿಂದ ಅಳಿಸಿಹಾಕಲಾಯಿತು. ಇಂಥ ಗೌರವ ಎಲ್ಲರಿಗೂ ಸಿಗುವುದಿಲ್ಲವಾದ್ದರಿಂದ ನಡೆದದ್ದನ್ನು ಕ್ರಮವಾಗಿ ಬರೆದಿಡುತ್ತಿದ್ದೇನೆ.

ಮಗಳು ಆಗ ಅಮೆರಿಕದ ಫೇರ್‌ಫ್ಯಾಕ್ಸ್‌ನಲ್ಲಿ ಚಿತ್ರಕಲೆ ಓದುತ್ತಿದ್ದಳು. ಅಲ್ಲೇ ಹತ್ತಿರದ ಸ್ಟರ್ಲಿಂಗ್‌ನ ಮನೆಯಲ್ಲಿ ನಾವು ಗಂಡ ಹೆಂಡತಿ ಇಬ್ಬರೇ. ಕೋವಿಡ್ ಬಂದಾಗ ಮನೆಯಿಂದಲೇ ಕೆಲಸ ಮಾಡಿ ಎಂದಿದ್ದ ಆಫೀಸಿನವರು ಆಮೇಲೆ ನನ್ನನ್ನು ವಾಪಸು ಕರೆಯುವುದನ್ನು ಮರೆತಿದ್ದರು. ನಾನೂ ನೆನಪಿಸಲು ಹೋಗಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಮಹಡಿಯ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಇರುತ್ತಿದ್ದೆ. ಹೆಂಡತಿಗೆ ಇದಕ್ಕಿಂತ ಹೆಚ್ಚು ಸಹವಾಸವನ್ನು ಯಾವ ಗಂಡನೂ ಒದಗಿಸಿರಲಾರ ಎಂಬುದು ನನ್ನ ದೃಢವಾದ ನಂಬಿಕೆ.

ಒಂದು ಶನಿವಾರ ಮಗಳು ನಮ್ಮನ್ನು ರಾಜಧಾನಿ ಡಿ.ಸಿ.ಯ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದಳು. ಅಮೆರಿಕದ ವಾಸ್ತವವಾದಿ ಚಿತ್ರಕಾರರ ಕೋಣೆ. ಎತ್ತ ನೋಡಿದರೂ ಒಬ್ಬೊಬ್ಬರೇ ಕೂತ ಜನ. ಖಾಲಿ ರೈಲುಬೋಗಿಯಲ್ಲಿ ಒಬ್ಬ. ಕಾಸು ಹಾಕಿ ಬಟ್ಟೆ ಒಗೆದುಕೊಳ್ಳುವ ಮೆಷಿನ್ನುಗಳ ಅಂಗಡಿಯಲ್ಲಿ, ಬಟ್ಟೆಯ ದೊಡ್ಡ ಗಂಟಿನ ಪಕ್ಕ ಒಬ್ಬಳು. ಇವಳ ಮುಂದೆ ಹೆಂಡತಿ ಬಹಳ ಹೊತ್ತು ನಿಂತಳು.

“ಪಾಪ, ಮನೇಲಿ ಯಾರೂ ಇಲ್ವೇನೋ,” ಎಂದೆ.

“ಇರ್ತಾರೆ. ಇಲ್ದಿದ್ರೆ ಅಷ್ಟೊಂದು ಬಟ್ಟೆ ಯಾರ್ದು?”

ಮಗಳು ಅಮ್ಮನ ಮುಖವನ್ನೇ ನೋಡಿದಳು. ವಾಪಸು ಬರುವ ದಾರಿಯಲ್ಲಿ, ಕಾಲೇಜಿನ ಪ್ರಾಜೆಕ್ಟಿಗೆ ನಿಮ್ಮಿಬ್ಬರ ಚಿತ್ರವನ್ನೇ ಬರೆಯುತ್ತೇನೆ ಎಂದಳು.

ಕೆಲವು ಭಾನುವಾರ ಊಟದ ಮೇಜಿನ ಆಚೆ ಈಚೆ ಕೂತೆವು. ನಾನು ಮೈಸೂರು ಅರಮನೆಯ ತೈಲಚಿತ್ರಗಳನ್ನು ನೆನೆದು ಎದೆ ಉಬ್ಬಿಸಿ, ವಂಶದ ಘನತೆಗೆ ಕುಂದು ಬಾರದ ಹಾಗೆ ಕೂತಿದ್ದೆ. ಹೆಂಡತಿ ಕಾಫಿ ಲೋಟ ಹಿಡಿದು ಕಿಟಕಿಯತ್ತ ತಿರುಗಿದ್ದಳು. ಆಚೆಗಿದ್ದದ್ದು ಕಂಪ್ಯೂಟರುಗಳನ್ನು ತುಂಬಿಟ್ಟ ಡೇಟಾ ಸೆಂಟರಿನ ಕಿಟಕಿಯಿಲ್ಲದ ಗೋಡೆ.

“ಅಪ್ಪ, ಮೂವ್ ಮಾಡ್ಬೇಡ. ಫೋನ್ ಕೆಳಗಿಡು.”

“ನಿಮ್ಮಮ್ಮಂಗೇನೂ ಹೇಳಲ್ವಲ್ಲ?”

“ಅಮ್ಮ ಈಸ್ ಫೈನ್.”

ಚಿತ್ರಗಳನ್ನು ಕಾಲೇಜಿನ ಕಾರಿಡಾರಿನಲ್ಲಿ ತೂಗುಹಾಕಿದ ದಿನ ಹೊಸ ಅಂಗಿ ತೊಟ್ಟು ಹೋದೆ. ಚಿತ್ರದಲ್ಲಿ ಹೆಂಡತಿ ಇದ್ದಳು, ಲೋಟ ಇತ್ತು, ಗೋಡೆಯೂ ಇತ್ತು. ಎದುರಿಗೆ ಖಾಲಿ ಕುರ್ಚಿ, ಅದರ ಮೇಲೆ ಬಿಸಿಲು. ನನ್ನದು ಎನ್ನಲು ಒಂದು ಮೊಣಕಾಲೂ ಉಳಿದಿರಲಿಲ್ಲ.

ದೂರದ ರಾಲಿ ಊರಿನಿಂದ ಬಂದಿದ್ದ ಹಳೆಯ ಗೆಳೆಯ ಚಿತ್ರಕ್ಕೆ ಮೂಗು ತಾಗುವಷ್ಟು ಬಗ್ಗಿ ಹುಡುಕಿದ. “ನೀನೆಲ್ಲೋ? ಮೀಟಿಂಗ್‌ಗೆ ಹೋಗಿದ್ಯಾ?”

ಮಗಳು ನನ್ನ ತೋಳು ಹಿಡಿದುಕೊಂಡಳು. “ಸಾರಿ ಅಪ್ಪ. ಫಸ್ಟ್ ನಿನ್ನೂ ಪೇಂಟ್ ಮಾಡಿದ್ದೆ. ಬಟ್ ಅದು ಟ್ರೂ ಅನ್ನಿಸ್ಲಿಲ್ಲ. ಅಮ್ಮ ಡೈಲಿ ಕೂತ್ಕೊಳ್ಳೋದು ಹೀಗೇ ಅಲ್ವಾ?”

“ನಾನು ಮನೇಲೇ ಇರ್ತೀನಲ್ಲಮ್ಮ.”

“ಐ ನೋ,” ಎಂದಳು, ಮಕ್ಕಳಿಗೆ ಹೇಳುವ ದನಿಯಲ್ಲಿ.

ಹೆಂಡತಿ ನನ್ನ ಪರವಾಗಿ ಮಗಳಿಗೆ ನಾಲ್ಕು ಮಾತು ಹೇಳುತ್ತಾಳೆ ಎಂದು ಕಾದೆ. ಅವಳು ಮ್ಯೂಸಿಯಮ್ಮಿನಲ್ಲಿ ನಿಂತ ಹಾಗೆಯೇ ಚಿತ್ರದ ಮುಂದೆ ನಿಂತಿದ್ದಳು. ಕೊನೆಗೆ, “ನನ್ನ ಥರಾನೇ ಬಂದಿದೆ,” ಎಂದಳು.

ಕಾರಿನಲ್ಲಿ ಆ ಮಾತೇ ತಲೆಯಲ್ಲಿತ್ತು. ನಿನಗೆ ಒಂಟಿ ಅನ್ನಿಸುತ್ತದೆಯೇ ಎಂದು ಕೇಳಬೇಕಿತ್ತು. ಸಾರಿಗೆ ಉಪ್ಪು ಹಾಕಿದೆಯಾ ಎಂದು ಕೇಳಲು ನನಗೆ ಇಷ್ಟು ವರ್ಷಗಳ ಅಭ್ಯಾಸವಿದೆ. ಇದಕ್ಕೆ ಯಾವ ಅಭ್ಯಾಸವೂ ಇರಲಿಲ್ಲ. ಬಾಯಿ ತೆರೆದೆ. “ಎಸಿ ಜಾಸ್ತಿ ಆಯ್ತಾ?” ಎಂಬ ಮಾತು ಹೊರಬಂತು.

“ಇಲ್ಲ, ಸರಿಯಾಗಿದೆ.”

ಮಾರನೆಯ ಬೆಳಿಗ್ಗೆ ಲ್ಯಾಪ್‌ಟಾಪನ್ನು ಮಹಡಿಯಲ್ಲೇ ಬಿಟ್ಟು, ಇಳಿದು ಬಂದು ಆ ಕುರ್ಚಿಯಲ್ಲಿ ಕೂತೆ.

ಅವಳು ಗಾಬರಿಯಿಂದ ನೋಡಿದಳು. “ಯಾಕ್ರೀ, ಇಂಟರ್ನೆಟ್ ಹೋಯ್ತಾ?”

“ಇಲ್ಲ. ಸುಮ್ಮನೆ ಬಂದೆ.”

ಒಳಗೆ ಹೋಗಿ ನನಗೂ ಕಾಫಿ ತಂದಳು. ಕುಡಿದೆವು. ಬಿಸಿಲು ನೇರವಾಗಿ ನನ್ನ ಕಣ್ಣಿಗೇ ಬೀಳುತ್ತಿತ್ತು.

“ಕರ್ಟನ್ ಎಳೀಲಾ?”

“ಬೇಡ.”

ಅವಳು ಕಿಟಕಿಯ ಕಡೆ ತಿರುಗಿದಳು. ಅವಳು ನೋಡುತ್ತಿದ್ದ ಕಡೆಗೇ ನಾನೂ ನೋಡಿದೆ. ಗೋಡೆ. ಅಲ್ಲಿ ಏನು ಕಾಣಿಸುತ್ತದೆ ಎಂದು ಕೇಳೋಣ ಎಂದುಕೊಂಡು ಮಾತು ಜೋಡಿಸುತ್ತಿದ್ದೆ. ಅಷ್ಟರಲ್ಲಿ ಮಹಡಿಯ ಮೇಲೆ ಮೀಟಿಂಗಿನ ಗಂಟೆ ಟಿಣ್ ಎಂದಿತು.

“ಹೋಗಿ, ಕರೀತಿದ್ದಾರೆ,” ಎಂದಳು.

ಹೋದೆ.