ತಡವಾಗಿ ಬರುತ್ತಿದ್ದ ಜೋಕುಗಳು

ಉತ್ತರದ ಹಿಮನಾಡಿನಲ್ಲಿರುವ ನಮ್ಮ ಔಲು ಊರಿನ ಸಿನಿಕ್ಕಾ ಕಂಪ್ಯೂಟರಿಗೆ ಬಗೆಬಗೆಯ ಯಂತ್ರಗಳನ್ನು ಹೊಂದಿಸುವ ಡ್ರೈವರ್ ಕೋಡ್ ಬರೆಯುವವಳು. ಮಾತು ಕಡಿಮೆ, ಹಟ ಜಾಸ್ತಿ. ಅವಳ ಅಣ್ಣ ರೈಮೋ ತದ್ವಿರುದ್ಧ. ಭಾನುವಾರದ ಕಾಫಿಗೆ ನಾವೆಲ್ಲ ಸೇರುತ್ತಿದ್ದುದೇ ಅವನ ಕೀಟಲೆ ಕೇಳಲು. ಪಾರ್ಶ್ವವಾಯು ಬಡಿದು ಅವನ ದನಿ ಹೋಯಿತು. ಆಮೇಲೆ ಸಿಕ್ಕಿದ್ದು ಒಂದು ಮಾತಿನ ಹಲಗೆ: ಪರದೆಯ ಅಕ್ಷರಗಳನ್ನು ಒಂದೊಂದಾಗಿ ದಿಟ್ಟಿಸಿದರೆ, ಕ್ಯಾಮೆರಾ ಕಣ್ಣಿನ ನೋಟವನ್ನು ಗುರುತಿಸುತ್ತದೆ, ಹಲಗೆ ಆ ಮಾತನ್ನು ಗಟ್ಟಿಯಾಗಿ ಓದುತ್ತದೆ. ಆದರೆ ಹಾಳಾದ್ದು ಎಷ್ಟು ನಿಧಾನ! ನಾವು ಮೀನು ಹಿಡಿದ ಕಥೆ ಮುಗಿಸಿ ಹಿಮದ ವಿಷಯಕ್ಕೆ ಬಂದಾಗ ಅವನ ಮೀನಿನ ಜೋಕು ಬರುತ್ತಿತ್ತು. ಎಲ್ಲರೂ ಸುಳ್ಳುಸುಳ್ಳೇ ನಗುತ್ತಿದ್ದೆವು. ಅವನಿಗೆ ಅದು ಗೊತ್ತಾಗದೆ ಇರುತ್ತದೆಯೇ? ಒಂದು ಭಾನುವಾರ ಹಲಗೆ ಹೇಳಿತು: "ಇನ್ಮೇಲೆ ಕಾಫಿಗೆ ನಾನು ಬರಲ್ಲ. ನೀವೇ ಮಾತಾಡ್ಕೊಳ್ಳಿ."

ಸಿನಿಕ್ಕಾ ಮರುದಿನವೇ ಆ ಹಲಗೆಯ ಡ್ರೈವರ್ ತೆರೆದು ಕೂತಳು. ಕ್ಯಾಮೆರಾದಿಂದ ಒಂದೊಂದು ತುಣುಕು ಓದಿದಾಗಲೂ ಒಂದು ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲು, ಮಲಗು ಎಂದು ಅದರಲ್ಲಿ ಬರೆದಿತ್ತು. ನೋಡಲು ಪಾಪದ ಸಾಲು. ಆದರೆ ಹಲಗೆಯ ಕಂಪ್ಯೂಟರನ್ನು ನಡೆಸುವ ಲಿನಕ್ಸನ್ನು ಆ ಹಳೆಯ ರೀತಿಯಲ್ಲಿ ಒಂದು ಮಿಲಿಸೆಕೆಂಡು ಮಲಗೆಂದರೆ, ತನ್ನ ಗಡಿಯಾರದ ಬಡಿತಕ್ಕೆ ಕಾದು ಇಪ್ಪತ್ತು ಮಿಲಿಸೆಕೆಂಡಿನವರೆಗೂ ಮಲಗಿಬಿಡುತ್ತದೆ. ಒಂದು ಅಕ್ಷರಕ್ಕೆ ಇಂಥ ನೂರಾರು ನಿದ್ದೆ! ನನ್ನದೂ ಕೋಡ್ ಬರೆಯುವ ಕೆಲಸವೇ; ನಮ್ಮ ಕಸುಬಿನವರ ರೂಢಿಯೇ ಹಾಗೆ: ಕಾಯುವ ಸಾಲನ್ನು ಹಳೆಯ ಡ್ರೈವರಿನಿಂದ ನಕಲು ಮಾಡುತ್ತೇವೆ, ಆಮೇಲೆ ಹೆದರಿ ಯಾರೂ ಮುಟ್ಟುವುದಿಲ್ಲ.

ಹೇಳಿದ ಹೊತ್ತಿಗೇ ಎಬ್ಬಿಸುವ ಬೇರೆ ಆಜ್ಞೆಯೊಂದಿದೆ. ಅದನ್ನು ಹಾಕಿ, ಡ್ರೈವರಿನ ಉಸ್ತುವಾರಿ ಹೊತ್ತವನಿಗೆ ಕಳಿಸಿದಳು. ಬೇಗ ಎಬ್ಬಿಸಿದರೆ ಕ್ಯಾಮೆರಾ ತಪ್ಪು ಓದಬಹುದು, ಹಲಗೆಯನ್ನು ದಿನವೂ ಬಳಸುವವರು ಪರೀಕ್ಷಿಸಿ, ಸರಿಯಿದೆ ಎಂದು ತಮ್ಮ ಹೆಸರು ಹಾಕಲಿ ಎಂದು ಅವನು ಪಟ್ಟು ಹಿಡಿದ. ಬಳಸುವವನೋ ಮುನಿಸಿಕೊಂಡು ಕೂತಿದ್ದ.

ಮುಂದಿನ ಭಾನುವಾರ ಏಲಕ್ಕಿ ಬನ್ನು, ಕಾಫಿ, ನಮ್ಮನ್ನೆಲ್ಲ ಕಟ್ಟಿಕೊಂಡು ಅವಳು ಅಣ್ಣನ ಮನೆಗೇ ನುಗ್ಗಿದಳು. ಹೊಸ ಡ್ರೈವರ್ ಹಾಕಿದಳು. ಒಂದಕ್ಷರ ತಪ್ಪಿದರೂ ರೈಮೋ ಮತ್ತೆ ಆ ಹಲಗೆಯತ್ತ ನೋಡುವವನಲ್ಲ. ಅವನು ಗೋಡೆ ನೋಡುತ್ತಿದ್ದ. ತಳಮಳ ತಡೆಯಲಾರದೆ ಸಿನಿಕ್ಕಾ ವಿವರಿಸತೊಡಗಿದಳು. ಎಂದೂ ಹೆಚ್ಚು ಮಾತಾಡದವಳು ಗಡಿಯಾರ, ಬಡಿತ, ನಿದ್ದೆ ಎನ್ನುತ್ತ ನಿಲ್ಲಿಸಲೇ ಇಲ್ಲ.

"ಈ ಹೊಸ ಆಜ್ಞೆ ಇದೆಯಲ್ಲ, ಇದು ಗಡಿಯಾರನ..."

"ಸಾಕು ಮಾಡೇ, ಕಾಫಿ ಆರ್ತಿದೆ," ಎಂದಿತು ಹಲಗೆ.

ಗೋಡೆ ಬಿಟ್ಟು ಯಾವಾಗಲೋ ಪರದೆಯತ್ತ ಕಣ್ಣು ಹೊರಳಿಸಿ ಅವನು ಮಾತಿನ ನಡುವೆ ಬಾಯಿ ಹಾಕಿದ್ದ! ಕಾಫಿ ನೆತ್ತಿಗೇರುವಷ್ಟು ನಕ್ಕೆವು. ನಗು ನಿಲ್ಲುವ ಮೊದಲೇ ಹಲಗೆ, ಪರೀಕ್ಷೆ ಆಯ್ತು, ನನ್ನ ಹೆಸರು ಹಾಕಿ ಕಳಿಸು ಎಂದೂ ಸೇರಿಸಿತು.

"ನಾನು ಮಾತಾಡುವಾಗ ಮಧ್ಯ ಬರ್ಬೇಡ," ಎಂದು ಸಿನಿಕ್ಕಾ ಕಣ್ಣೊರೆಸಿಕೊಳ್ಳುತ್ತ ಗದರಿದಳು. ಅಣ್ಣನನ್ನು ಗದರಿ ಅವಳಿಗೆ ಎಷ್ಟು ಕಾಲವಾಗಿತ್ತೋ.